ಮಳೆಗಾಲಕ್ಕೆ ಮುಂಚೆ ಸರ್ವರ್ ಕೋಣೆಯಲ್ಲಿ ಮುಗಿಯಬೇಕಾದ ಕೆಲಸಗಳು

(ಶಿವಮೊಗ್ಗದಲ್ಲಿ ಕಾಲೇಜು, ಆಸ್ಪತ್ರೆ ಮತ್ತು ಸಹಕಾರ ಸಂಘಗಳ ಸಿಸ್ಟಂ ಅಡ್ಮಿನಿಸ್ಟ್ರೇಟರ್‌ಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಇಲ್ಲಿ ಸೇರಿರುವವರಲ್ಲಿ ಬಹುತೇಕರು ತಮ್ಮ ಸಂಸ್ಥೆಯ ಇಡೀ ಕಂಪ್ಯೂಟರ್ ವ್ಯವಸ್ಥೆಯನ್ನು ಒಬ್ಬರೇ ನೋಡಿಕೊಳ್ಳುವವರು. ಬೆಂಗಳೂರಿನ ದೊಡ್ಡ ಕಂಪನಿಗಳಲ್ಲಿ ಸ್ಟೋರೇಜ್‌ಗೆ ಒಬ್ಬರು, ನೆಟ್‌ವರ್ಕ್‌ಗೆ ಒಬ್ಬರು, ಬ್ಯಾಕಪ್‌ಗೆ ಇನ್ನೊಬ್ಬರು ಇರುತ್ತಾರೆ. ಸಾಗರದ ಒಂದು ಪತ್ತಿನ ಸಹಕಾರ ಸಂಘದಲ್ಲೋ ತೀರ್ಥಹಳ್ಳಿಯ ಒಂದು ಆಸ್ಪತ್ರೆಯಲ್ಲೋ ಈ ಮೂವರ ಕೆಲಸದ ಜೊತೆಗೆ ಪ್ರಿಂಟರ್ ರಿಪೇರಿಯನ್ನೂ ಒಬ್ಬರೇ ಮಾಡಬೇಕಾಗುತ್ತದೆ. ಪಕ್ಕದಲ್ಲಿ ಕೂತು ಹೇಳಿಕೊಡುವ ಹಿರಿಯರು ಇಲ್ಲದ ಕಾರಣ ಅಂತರ್ಜಾಲವೇ ಅಂಥವರ ಪಾಠಶಾಲೆಯಾಗಿದೆ. ಆದರೆ ನಮ್ಮ ಸೀಮೆಯಲ್ಲಿ ಇದಕ್ಕೊಂದು ತೊಡಕಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಕಾಡಿನ ನಡುವೆ ಹಾದುಬರುವ ವಿದ್ಯುತ್ ತಂತಿಯ ಮೇಲೆ ಮರ ಬಿದ್ದ ದಿನವೇ ಅದೇ ಹಾದಿಯ ಫೈಬರ್ ಕೂಡ ತುಂಡಾಗುವುದುಂಟು. ಕರೆಂಟ್ ಹೋಗಿ ಬಂದು ಸರ್ವರ್ ಏಳದೆ ಕುಳಿತಿರುವ ಹೊತ್ತಿಗೇ, ಅದನ್ನು ಏಳಿಸುವುದು ಹೇಗೆಂದು ಹುಡುಕಲು ಬೇಕಾದ ಅಂತರ್ಜಾಲದ ಲೈನ್ ಸಹ ಇರುವುದಿಲ್ಲ. ಆದ್ದರಿಂದ ಜಾಲದಲ್ಲಿ ಏನೇನು ಸಿಗುತ್ತದೆ ಎನ್ನುವುದಕ್ಕಿಂತ, ಅದರಲ್ಲಿ ಯಾವುದನ್ನು ನಂಬಬೇಕು ಮತ್ತು ನಂಬಿದ್ದನ್ನು ಜಾಲವಿಲ್ಲದ ಹೊತ್ತಿಗೂ ಹೇಗೆ ಉಳಿಸಿಕೊಳ್ಳಬೇಕು ಎನ್ನುವುದರ ಬಗ್ಗೆಯೇ ನಾನು ಹೆಚ್ಚು ಮಾತನಾಡುತ್ತೇನೆ.

ವರ್ಚುವಲೈಸೇಶನ್, ಅಂದರೆ ಒಂದೇ ಯಂತ್ರದ (ಹೋಸ್ಟ್) ಒಳಗೆ ಹಲವು ಕಂಪ್ಯೂಟರ್‌ಗಳನ್ನು (ವರ್ಚುವಲ್ ಮಷೀನ್ ಅಥವಾ ಗೆಸ್ಟ್) ತಂತ್ರಾಂಶದಿಂದ ಓಡಿಸುವುದು, ಹೊಸ ವಿದ್ಯೆಯೇನಲ್ಲ. ಐಬಿಎಂ ತನ್ನ ಮೇನ್‌ಫ್ರೇಮ್‌ಗಳಿಗಾಗಿ ವಿಎಂ/370 ವ್ಯವಸ್ಥೆಯನ್ನು ಪ್ರಕಟಿಸಿದ್ದು 1972ರಲ್ಲಿ. ಸಾಮಾನ್ಯ ಪಿಸಿಯ ಮೇಲೆ ಇದು ಸಾಧ್ಯವೆಂದು ವಿಎಂವೇರ್ 1999ರಲ್ಲಿ ತೋರಿಸಿತು. 2005 ಮತ್ತು 2006ರಲ್ಲಿ ಇಂಟೆಲ್ ಮತ್ತು ಎಎಂಡಿ ಪ್ರೊಸೆಸರ್‌ಗಳೊಳಗೇ ಇದಕ್ಕೆ ಬೇಕಾದ ಸೌಲಭ್ಯ ಬಂತು. 2007ರಲ್ಲಿ ಇದೇ ಕೆಲಸ ಮಾಡುವ ಕೆವಿಎಂ ಎಂಬ ತಂತ್ರಾಂಶ ಲಿನಕ್ಸ್‌ನ ತಿರುಳಾದ ಕರ್ನೆಲ್‌ನ ಭಾಗವಾಯಿತು. ಅಲ್ಲಿಂದಾಚೆಗೆ ಹೈಪರ್‌ವೈಸರ್, ಅಂದರೆ ವರ್ಚುವಲ್ ಮಷೀನ್‌ಗಳನ್ನು ಓಡಿಸುವ ತಂತ್ರಾಂಶ, ಸಣ್ಣ ಸಂಸ್ಥೆಗೂ ನಿಲುಕುವ ವಸ್ತುವಾಯಿತು. ಇದರಿಂದ ಆದ ಅನುಕೂಲ ಎಲ್ಲರಿಗೂ ಗೊತ್ತಿದೆ. ನಾಲ್ಕು ಸರ್ವರ್ ಇದ್ದ ಕಡೆ ಈಗ ಒಂದೇ ಪೆಟ್ಟಿಗೆ ಇದೆ, ಕರೆಂಟ್ ಬಿಲ್ ಇಳಿದಿದೆ, ಜಾಗ ಉಳಿದಿದೆ. ಆದರೆ ಅಕೌಂಟ್ಸ್, ಹಾಜರಾತಿ, ಫೈಲ್ ಸರ್ವರ್ ಮತ್ತು ಡೊಮೇನ್ ಕಂಟ್ರೋಲರ್ (ಎಲ್ಲರ ಲಾಗಿನ್ ನೋಡಿಕೊಳ್ಳುವ ಸರ್ವರ್) ಎಲ್ಲವೂ ಒಂದೇ ಪೆಟ್ಟಿಗೆಯೊಳಗೆ ಸೇರಿಕೊಂಡಿರುವುದರಿಂದ, ಆ ಪೆಟ್ಟಿಗೆ ನಿಂತರೆ ಕಚೇರಿಯೇ ನಿಲ್ಲುತ್ತದೆ. ಮುಂದೆ ಹೇಳುವ ಎಚ್ಚರಿಕೆಗಳೆಲ್ಲ ಹುಟ್ಟುವುದು ಈ ಒಂದು ಸಂಗತಿಯಿಂದ.

ಕಳೆದ ಕೆಲವು ವರ್ಷಗಳಲ್ಲಿ ಈ ಕ್ಷೇತ್ರ ಮಗ್ಗುಲು ಬದಲಿಸಿದೆ. 2023ರ ನವೆಂಬರ್‌ನಲ್ಲಿ ಬ್ರಾಡ್‌ಕಾಮ್ ವಿಎಂವೇರ್ ಅನ್ನು ಕೊಂಡಿತು. ಮರುತಿಂಗಳೇ ಒಮ್ಮೆ ಹಣ ಕೊಟ್ಟು ಶಾಶ್ವತವಾಗಿ ಬಳಸುವ ಪರವಾನಗಿಗಳ ಮಾರಾಟ ನಿಂತಿತು. ವಿಎಂವೇರ್‌ನ ಹೈಪರ್‌ವೈಸರ್ ಆದ ಇಎಸ್‌ಎಕ್ಸ್‌ಐನ ಉಚಿತ ಆವೃತ್ತಿ 2024ರ ಫೆಬ್ರುವರಿಯಲ್ಲಿ ನಿಂತು 2025ರ ಏಪ್ರಿಲ್‌ನಲ್ಲಿ ಮತ್ತೆ ಬಂತು. ಈ ಏರುಪೇರಿನ ನಡುವೆ ಬಹಳ ಸಂಸ್ಥೆಗಳು ಕೆವಿಎಂ ಆಧರಿಸಿದ ಪ್ರಾಕ್ಸ್‌ಮಾಕ್ಸ್, ಝೆನ್ ಆಧರಿಸಿದ ಎಕ್ಸ್‌ಸಿಪಿ-ಎನ್‌ಜಿ ಅಥವಾ ಮೈಕ್ರೋಸಾಫ್ಟ್‌ನ ಹೈಪರ್-ವಿ ಕಡೆಗೆ ಹೊರಳಿವೆ. ಹೀಗೆ ಹೊರಳುವಾಗ ಆಗುವ ದೊಡ್ಡ ತೊಂದರೆ ಹಳೆಯ ಸಲಹೆಯದು. ಯಾವುದೋ ಆವೃತ್ತಿಗೆ, ಯಾವುದೋ ವರ್ಷ, ಯಾರೋ ಬರೆದ ಹತ್ತು ಸಾಲಿನ ಆದೇಶಗಳು ಹುಡುಕಾಟದಲ್ಲಿ ಮೊದಲಿಗೆ ಸಿಗುತ್ತವೆ, ಮತ್ತು ಸರ್ವರ್ ನಿಂತ ಗಾಬರಿಯಲ್ಲಿ ನಾವು ಅವನ್ನು ಹಾಗೆಯೇ ಅಂಟಿಸಿಬಿಡುತ್ತೇವೆ.

ಆದ್ದರಿಂದ ಮೂಲ ದಾಖಲೆಗಳಿಗೆ ಮೊದಲ ಸ್ಥಾನ ಕೊಡಿ ಎಂದು ಒತ್ತಿ ಹೇಳುತ್ತೇನೆ. ಪ್ರಾಕ್ಸ್‌ಮಾಕ್ಸ್‌ನ ಅಡ್ಮಿನಿಸ್ಟ್ರೇಶನ್ ಗೈಡ್ ಜಾಲದಲ್ಲಿ ಮಾತ್ರ ಇರುವುದಲ್ಲ. ಪ್ರತಿ ಹೋಸ್ಟ್‌ನ ಒಳಗೂ ಅದು ಸ್ಥಾಪಿತವಾಗಿರುತ್ತದೆ, ವೆಬ್ ಪರದೆಯ ಮೇಲ್ತುದಿಯ ದಾಖಲೆಗಳ ಗುಂಡಿ ಒತ್ತಿದರೆ ನಿಮ್ಮದೇ ಆವೃತ್ತಿಗೆ ಹೊಂದುವ ಕೈಪಿಡಿ, ಅಂತರ್ಜಾಲದ ಲೈನ್ ಇಲ್ಲದಿದ್ದರೂ, ತೆರೆದುಕೊಳ್ಳುತ್ತದೆ. ಲಿನಕ್ಸ್‌ನ ಮ್ಯಾನ್ ಪುಟಗಳೂ, ಅಂದರೆ ಆದೇಶಗಳ ಜೊತೆಗೇ ಬರುವ ವಿವರಣೆಯ ಪುಟಗಳೂ, ಹಾಗೆಯೇ. ಹೈಪರ್-ವಿ ಮತ್ತು ವಿಂಡೋಸ್ ಸರ್ವರ್‌ಗೆ ಮೈಕ್ರೋಸಾಫ್ಟ್ ಲರ್ನ್, ಕೆವಿಎಂ ಮತ್ತು ಅದನ್ನು ನಿರ್ವಹಿಸುವ ಲಿಬ್‌ವರ್ಟ್‌ಗೆ ರೆಡ್ ಹ್ಯಾಟ್‌ನ ಕೈಪಿಡಿಗಳು ಮೊದಲು ನೋಡಬೇಕಾದವು. ಆರ್ಚ್ ಲಿನಕ್ಸ್ ಬಳಸದವರೂ ಆರ್ಚ್ ವಿಕಿಯನ್ನು ಓದಬೇಕು, ಏಕೆಂದರೆ ಒಂದು ಆದೇಶವನ್ನು ಏಕೆ ಕೊಡಬೇಕು ಎನ್ನುವ ವಿವರಣೆ ಅಲ್ಲಿರುವಷ್ಟು ಚೆನ್ನಾಗಿ ಬೇರೆ ಕಡೆ ಸಿಗುವುದು ಅಪರೂಪ. ಈಗಿನ ಕೃತಕ ಬುದ್ಧಿಮತ್ತೆಯ ಸಹಾಯಕಗಳನ್ನು ಬಳಸಬೇಡಿ ಎಂದು ನಾನು ಹೇಳುವುದಿಲ್ಲ. ದೋಷ ಸಂದೇಶವೊಂದರ ಅರ್ಥ ತಿಳಿಯಲು ಅವು ಉಪಯುಕ್ತ. ಆದರೆ ಇಲ್ಲದ ಆಯ್ಕೆಯೊಂದನ್ನು ಇದೆಯೆಂದು ನಿಸ್ಸಂಕೋಚವಾಗಿ ಬರೆದುಕೊಡುವ ಗುಣ ಅವಕ್ಕಿದೆ. ಡಿಸ್ಕನ್ನು ಮುಟ್ಟುವ ಯಾವ ಆದೇಶವನ್ನೂ ಮ್ಯಾನ್ ಪುಟದಲ್ಲಿ ತಾಳೆ ನೋಡದೆ ಒತ್ತಬಾರದು.

ಇನ್ನೊಂದು ಬಗೆಯ ಬರಹವಿದೆ, ಅದನ್ನು ನಮ್ಮವರು ಸಾಕಷ್ಟು ಓದುವುದಿಲ್ಲ ಎನ್ನುವುದು ನನ್ನ ಅನಿಸಿಕೆ. ಅನಾಹುತವಾದ ಮೇಲೆ ಸಂಸ್ಥೆಗಳೇ ಬಿಚ್ಚಿಟ್ಟು ಪ್ರಕಟಿಸುವ ಪೋಸ್ಟ್‌ಮಾರ್ಟಮ್ ವರದಿಗಳು ಅವು. ಪ್ರೋಗ್ರಾಂಗಳ ಕೋಡ್ ಇಟ್ಟುಕೊಳ್ಳುವ ಜಾಲಸೇವೆಯಾದ ಗಿಟ್‌ಲ್ಯಾಬ್‌ನಲ್ಲಿ 2017ರ ಜನವರಿ 31ರಂದು ನಡೆದದ್ದನ್ನು ನೋಡಿ. ಡೇಟಾಬೇಸ್‌ನ ಎರಡನೆಯ ಪ್ರತಿ ಹಿಂದೆ ಬಿದ್ದಿತ್ತು. ಅದನ್ನು ಸರಿಪಡಿಸಲು ರಾತ್ರಿ ಕೂತಿದ್ದ ಎಂಜಿನಿಯರ್ ಎರಡನೆಯ ಯಂತ್ರದ ಡೇಟಾ ಅಳಿಸುತ್ತಿದ್ದೇನೆಂದುಕೊಂಡು ಮುಖ್ಯ ಯಂತ್ರದಲ್ಲಿ ಅಳಿಸುವ ಆದೇಶ ಕೊಟ್ಟರು. ಗಮನಕ್ಕೆ ಬಂದು ನಿಲ್ಲಿಸುವ ಹೊತ್ತಿಗೆ ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ. ಬ್ಯಾಕಪ್ ಇತ್ತಲ್ಲ ಎಂದು ಹುಡುಕಿದರೆ, ದಿನವೂ ನಡೆಯಬೇಕಿದ್ದ ಡಂಪ್ (ಡೇಟಾಬೇಸನ್ನು ಫೈಲಿಗೆ ಬರೆದಿಡುವ ಕೆಲಸ) ಸದ್ದಿಲ್ಲದೆ ವಿಫಲವಾಗುತ್ತಿತ್ತು, ಏಕೆಂದರೆ ಡೇಟಾಬೇಸ್ ಪೋಸ್ಟ್‌ಗ್ರೆಸ್ 9.6 ಆಗಿದ್ದರೆ ಡಂಪ್ ಮಾಡುವ ಉಪಕರಣ 9.2ರದ್ದಾಗಿತ್ತು. ವಿಫಲವಾಯಿತೆಂದು ತಿಳಿಸುವ ಇಮೇಲ್‌ಗಳನ್ನು ಸಹಿ ಇಲ್ಲವೆಂಬ ಕಾರಣಕ್ಕೆ ಮೇಲ್ ಸರ್ವರ್ ತಿರಸ್ಕರಿಸುತ್ತಿತ್ತು. ಬ್ಯಾಕಪ್ ಇರಬೇಕಾದ ಕ್ಲೌಡ್ ಜಾಗ ಬರಿದಾಗಿತ್ತು. ಕೊನೆಗೆ ಉಳಿಸಿದ್ದು, ಅದೇ ಎಂಜಿನಿಯರ್ ಬೇರೆ ಕೆಲಸಕ್ಕೆಂದು ಸುಮಾರು ಆರು ಗಂಟೆ ಮುಂಚೆ ಕೈಯಾರೆ ತೆಗೆದಿಟ್ಟಿದ್ದ ಒಂದು ಎಲ್‌ವಿಎಂ ಸ್ನ್ಯಾಪ್‌ಶಾಟ್, ಅಂದರೆ ಲಿನಕ್ಸ್‌ನ ಡಿಸ್ಕ್ ಹಂಚಿಕೆ ವ್ಯವಸ್ಥೆ ಆ ಕ್ಷಣದ ಡಿಸ್ಕಿನ ಸ್ಥಿತಿಯನ್ನು ಹಿಡಿದಿಟ್ಟದ್ದು. ಆ ಆರು ಗಂಟೆಗಳ ಡೇಟಾ ಹೋಯಿತು. ಗಿಟ್‌ಲ್ಯಾಬ್ ಇದನ್ನೆಲ್ಲ ಗಂಟೆ ನಿಮಿಷಗಳ ಸಮೇತ, ಎಂಜಿನಿಯರ್‌ನ ಹೆಸರು ಹೇಳದೆ, ಯಾರ ಮೇಲೂ ತಪ್ಪು ಹೊರಿಸದೆ ಪ್ರಕಟಿಸಿತು. ಬ್ಯಾಕಪ್ ಯಶಸ್ವಿ ಎಂಬ ಹಸಿರು ಗುರುತನ್ನು ನೋಡಿ ಮನೆಗೆ ಹೋಗುವ ನಮಗೆ, ಆ ವರದಿಯ ಒಂದೊಂದು ಸಾಲೂ ನಮ್ಮ ಕೋಣೆಯಲ್ಲಿ ಕೇಳಿಕೊಳ್ಳಬೇಕಾದ ಒಂದೊಂದು ಪ್ರಶ್ನೆ. ವಿಫಲವಾದರೆ ನನಗೆ ಸುದ್ದಿ ಬರುತ್ತದೆಯೇ? ಸುದ್ದಿ ಬರುವ ದಾರಿಯೇ ಕೆಟ್ಟಿದ್ದರೆ ಅದು ತಿಳಿಯುವುದು ಹೇಗೆ?

ಸ್ನ್ಯಾಪ್‌ಶಾಟ್ ಗಿಟ್‌ಲ್ಯಾಬನ್ನು ಉಳಿಸಿತು ಎಂದ ಮಾತ್ರಕ್ಕೆ ಸ್ನ್ಯಾಪ್‌ಶಾಟನ್ನೇ ಬ್ಯಾಕಪ್ ಎಂದು ತಿಳಿಯಬಾರದು. ಅದು ಮೂಲ ಡಿಸ್ಕಿನ ಮೇಲೆಯೇ ನಿಂತಿರುತ್ತದೆ; ಡಿಸ್ಕ್ ಸತ್ತರೆ ಅದೂ ಸಾಯುತ್ತದೆ. ಒಂದು ಸ್ನ್ಯಾಪ್‌ಶಾಟನ್ನು 72 ಗಂಟೆಗಿಂತ ಹೆಚ್ಚು ಹೊತ್ತು ಇಟ್ಟುಕೊಳ್ಳಬೇಡಿ ಎಂದು ವಿಎಂವೇರ್‌ನ ದಾಖಲೆಗಳೇ ಹೇಳುತ್ತವೆ. ಅಪ್‌ಡೇಟ್ ಮಾಡುವ ಮುಂಚೆ ತೆಗೆದು, ಎಲ್ಲ ಸರಿಯಿದೆ ಎಂದು ಖಚಿತವಾದ ಮೇಲೆ ಅಳಿಸುವುದು ಅದರ ಸರಿಯಾದ ಬಳಕೆ.

ಅಳಿಸದೆ ಬಿಟ್ಟರೆ ಆಗುವುದೇನೆಂದು ಒಂದು ಉದಾಹರಣೆಯಿಂದ ನೋಡೋಣ, ಏಕೆಂದರೆ ಸಣ್ಣ ಸಂಸ್ಥೆಗಳ ಸರ್ವರ್‌ಗಳು ಇದ್ದಕ್ಕಿದ್ದಂತೆ ನಿಲ್ಲುವುದಕ್ಕೆ ಇದು ಪದೇ ಪದೇ ಕಾಣುವ ಕಾರಣ. ಹೋಸ್ಟ್‌ನಲ್ಲಿ 1,000 ಜಿಬಿಯ ಥಿನ್ ಪೂಲ್, ಅಂದರೆ ಮಷೀನ್‌ಗಳೆಲ್ಲ ಹಂಚಿಕೊಳ್ಳುವ ಡಿಸ್ಕ್ ಜಾಗ, ಇದೆ ಎಂದುಕೊಳ್ಳಿ. ಅದರಲ್ಲಿ ನಾಲ್ಕು ವರ್ಚುವಲ್ ಮಷೀನ್‌ಗಳಿಗೆ ತಲಾ 400 ಜಿಬಿ ಕೊಟ್ಟಿದ್ದೀರಿ. ಒಟ್ಟು 1,600 ಜಿಬಿಯ ಭರವಸೆ ಕೊಟ್ಟಂತಾಯಿತು, ಆದರೆ ಇರುವುದು 1,000. ಥಿನ್ ವ್ಯವಸ್ಥೆಯಲ್ಲಿ ಇದಕ್ಕೆ ಅಡ್ಡಿಯಿಲ್ಲ. ಬರೆದಷ್ಟಕ್ಕೆ ಮಾತ್ರ ಜಾಗ ಖರ್ಚಾಗುತ್ತದೆ. ಈಗ ಒಂದು ಗೆಸ್ಟ್‌ನ ಒಳಗೆ 200 ಜಿಬಿ ಹಳೆಯ ಫೈಲುಗಳನ್ನು ಅಳಿಸಿದಿರಿ. ಗೆಸ್ಟ್ ತನ್ನಲ್ಲಿ ಜಾಗ ಖಾಲಿಯಾಯಿತೆಂದು ತೋರಿಸುತ್ತದೆ, ಆದರೆ ಹೋಸ್ಟ್‌ಗೆ ಆ ಸುದ್ದಿಯೇ ಮುಟ್ಟುವುದಿಲ್ಲ. ವರ್ಚುವಲ್ ಡಿಸ್ಕಿನ ಸೆಟ್ಟಿಂಗ್‌ನಲ್ಲಿ ಡಿಸ್ಕಾರ್ಡ್ ಆಯ್ಕೆ ಹಾಕಿ, ಗೆಸ್ಟ್‌ನ ಒಳಗಿಂದ ಎಫ್‌ಎಸ್‌ಟ್ರಿಮ್ (ಖಾಲಿಯಾದ ಜಾಗವನ್ನು ಹೋಸ್ಟ್‌ಗೆ ತಿಳಿಸುವ ಆದೇಶ) ಓಡಿಸಿದಾಗ ಮಾತ್ರ ಆ ಜಾಗ ಪೂಲ್‌ಗೆ ಮರಳುತ್ತದೆ. ಹಳೆಯ ಸ್ನ್ಯಾಪ್‌ಶಾಟ್ ಹಿಡಿದುಕೊಂಡಿದ್ದರೆ ಆಗಲೂ ಮರಳುವುದಿಲ್ಲ. ಹೋಸ್ಟ್‌ನಲ್ಲಿ ಎಲ್‌ವಿಎಸ್ ಎಂದು ಒತ್ತಿದರೆ ಡೇಟಾ ಮತ್ತು ಮೆಟಾ ಎಂಬ ಎರಡು ಶೇಕಡಾವಾರು ಅಂಕಣಗಳು ಕಾಣುತ್ತವೆ. ಹೆಚ್ಚಿನವರು ಮೊದಲನೆಯದನ್ನು ಮಾತ್ರ ನೋಡುತ್ತಾರೆ. ಎರಡನೆಯದು ತುಂಬಿದರೆ ಅಪಾಯ ಇನ್ನೂ ಹೆಚ್ಚು, ಏಕೆಂದರೆ ಯಾವ ತುಣುಕು ಯಾರದು ಎಂಬ ಲೆಕ್ಕವೇ ಕೆಡುವ ಸಾಧ್ಯತೆಯಿದೆ. ಡೇಟಾ ನೂರು ಮುಟ್ಟಿದಾಗ ಬರೆಯುವ ಕೆಲಸ ಸ್ವಲ್ಪ ಹೊತ್ತು ಕಾದು, ಆಮೇಲೆ ದೋಷ ಕೊಟ್ಟು, ಆ ಪೂಲ್‌ನಲ್ಲಿರುವ ನಾಲ್ಕೂ ಮಷೀನ್‌ಗಳು ಒಟ್ಟಿಗೆ ತೊಂದರೆಗೆ ಸಿಕ್ಕುತ್ತವೆ. ಪೂಲ್ ತಾನೇ ಹಿಗ್ಗುವ ಸೌಲಭ್ಯ ಎಲ್‌ವಿಎಂನಲ್ಲಿ ಇದೆಯಾದರೂ ಮೂಲತಃ ಅದು ಚಾಲ್ತಿಯಲ್ಲಿರುವುದಿಲ್ಲ, ಮತ್ತು ವಾಲ್ಯೂಮ್ ಗ್ರೂಪ್‌ನಲ್ಲಿ (ಪೂಲ್ ಇರುವ ಡಿಸ್ಕ್‌ಗಳ ಗುಂಪಿನಲ್ಲಿ) ಖಾಲಿ ಜಾಗ ಉಳಿಸಿದ್ದರೆ ಮಾತ್ರ ಕೆಲಸ ಮಾಡುತ್ತದೆ. ಈ ಎರಡು ಅಂಕಿಗಳು ಎಂಬತ್ತು ದಾಟಿದರೆ ಫೋನಿಗೆ ಸಂದೇಶ ಬರುವಂತೆ ಮಾಡಿಕೊಳ್ಳುವುದು ಒಂದು ಮಧ್ಯಾಹ್ನದ ಕೆಲಸ.

ಸಿಪಿಯು ಮತ್ತು ಮೆಮೊರಿಯ ವಿಷಯವನ್ನು ಬೇಗ ಹೇಳಿ ಮುಗಿಸುತ್ತೇನೆ. ಎಂಟು ಕೋರ್‌ಗಳ ಹೋಸ್ಟ್‌ನಲ್ಲಿ ಪ್ರತಿ ಮಷೀನ್‌ಗೂ ಎಂಟು ವರ್ಚುವಲ್ ಸಿಪಿಯು ಕೊಟ್ಟರೆ ವೇಗ ಹೆಚ್ಚುವುದಿಲ್ಲ, ಸರದಿ ಕಾಯುವುದು ಹೆಚ್ಚುತ್ತದೆ. ಎರಡರಿಂದ ಆರಂಭಿಸಿ, ಸಾಲದಿದ್ದರೆ ಏರಿಸಿ. ಲಿನಕ್ಸ್ ಗೆಸ್ಟ್‌ನಲ್ಲಿ ವಿಎಂಸ್ಟ್ಯಾಟ್ ಆದೇಶ ಕೊಡುವ, ಸರದಿ ಕಾದ ಸಮಯ ತೋರಿಸುವ ಎಸ್‌ಟಿ ಅಂಕಣ ಸದಾ ಸೊನ್ನೆಯಿಂದ ಮೇಲಿದ್ದರೆ ಹೋಸ್ಟ್‌ನಲ್ಲಿ ಇಕ್ಕಟ್ಟಾಗಿದೆ ಎಂದು ಅರ್ಥ. ವಿಂಡೋಸ್ ಗೆಸ್ಟ್‌ಗಳಿಗೆ, ವರ್ಚುವಲ್ ಡಿಸ್ಕ್ ಮತ್ತು ನೆಟ್‌ವರ್ಕ್‌ಗೆ ಬೇಕಾದ ವರ್ಟ್‌ಐಒ ಡ್ರೈವರ್‌ಗಳನ್ನೂ ಹೋಸ್ಟ್‌ನೊಂದಿಗೆ ಮಾತನಾಡುವ ಗೆಸ್ಟ್ ಏಜೆಂಟನ್ನೂ ತಪ್ಪದೆ ಹಾಕಿ.

ಮಲೆನಾಡಿಗೆ ಹೆಚ್ಚು ಸಂಬಂಧಿಸಿದ್ದು ಕರೆಂಟ್ ಹೋದಾಗ ಇಳಿಯುವ ಮತ್ತು ಬಂದಾಗ ಏಳುವ ಕ್ರಮ. ಯುಪಿಎಸ್ ಇದೆ ಎಂದರೆ ಸಾಲದು, ಬ್ಯಾಟರಿ ತಗ್ಗಿದಾಗ ಅದು ಸರ್ವರ್‌ಗೆ ಹೇಳಬೇಕು. ಇದಕ್ಕೆ ನೆಟ್‌ವರ್ಕ್ ಯುಪಿಎಸ್ ಟೂಲ್ಸ್, ಅಂದರೆ ನಟ್ ಎಂಬ ಉಚಿತ ತಂತ್ರಾಂಶವಿದೆ. ಯುಎಸ್‌ಬಿ ಕೇಬಲ್ ಇರುವ ಬಹುತೇಕ ಯುಪಿಎಸ್‌ಗಳೊಂದಿಗೆ ಅದು ಮಾತನಾಡುತ್ತದೆ, ಮತ್ತು ಯಾವ ಮಾದರಿಗೆ ಯಾವ ಡ್ರೈವರ್ ಎಂಬ ಪಟ್ಟಿ ಅದರ ಜಾಲತಾಣದಲ್ಲಿದೆ. ಇಲ್ಲಿ ಒಂದು ಸೂಕ್ಷ್ಮವಿದೆ. ಬ್ಯಾಟರಿ ತಗ್ಗಿ ಸರ್ವರ್ ಮುಚ್ಚಿಕೊಳ್ಳುತ್ತಿರುವಾಗಲೇ ಕರೆಂಟ್ ಬಂದುಬಿಟ್ಟರೆ, ಸರ್ವರ್‌ನ ಪಾಲಿಗೆ ಕರೆಂಟ್ ಹೋಗಿಯೇ ಇಲ್ಲ. ಆದ್ದರಿಂದ ಕರೆಂಟ್ ಬಂದಾಗ ತಾನೇ ಏಳು ಎಂದು ಬಯಾಸ್‌ನಲ್ಲಿ (ಯಂತ್ರದ ಮೂಲ ಸೆಟ್ಟಿಂಗ್‌ಗಳಲ್ಲಿ) ಹೇಳಿದ್ದರೂ ಅದು ಏಳುವುದಿಲ್ಲ, ಬೆಳಿಗ್ಗೆ ಯಾರಾದರೂ ಬಂದು ಗುಂಡಿ ಒತ್ತುವವರೆಗೆ ಹಾಗೇ ಇರುತ್ತದೆ. ಇದಕ್ಕಾಗಿಯೇ ನಟ್‌ನಲ್ಲಿ, ಸರ್ವರ್ ಮುಚ್ಚಿದ ಮೇಲೆ ಯುಪಿಎಸ್ ತನ್ನ ಔಟ್‌ಪುಟ್ ಅನ್ನು ಒಮ್ಮೆ ಕಡಿದು ಮತ್ತೆ ಕೊಡುವಂತೆ ಆದೇಶಿಸುವ ವ್ಯವಸ್ಥೆಯಿದೆ. ಮಳೆಗಾಲದಲ್ಲಿ ಕರೆಂಟ್ ಹತ್ತು ಸಲ ಕಣ್ಣುಮುಚ್ಚಾಲೆ ಆಡುವ ಊರಿನಲ್ಲಿ ಈ ಒಂದು ಸೆಟ್ಟಿಂಗ್ ಅನೇಕ ರಾತ್ರಿಗಳ ಓಡಾಟವನ್ನು ತಪ್ಪಿಸುತ್ತದೆ.

ಏಳುವ ಕ್ರಮದ ಬಗ್ಗೆಯೂ ಯೋಚಿಸಿರಬೇಕು. ಹೆಸರಿನಿಂದ ಯಂತ್ರದ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಮತ್ತು ಡೊಮೇನ್ ಕಂಟ್ರೋಲರ್ ಮೊದಲು, ಡೇಟಾಬೇಸ್ ಆಮೇಲೆ, ಅದನ್ನು ನಂಬಿದ ಅಪ್ಲಿಕೇಶನ್‌ಗಳು ಕೊನೆಗೆ. ನಡುವೆ ಒಂದೆರಡು ನಿಮಿಷದ ಬಿಡುವು. ಎಲ್ಲಕ್ಕಿಂತ ಮುಖ್ಯವಾಗಿ, ಹೋಸ್ಟ್ ಏಳಲು ಬೇಕಾದ ಯಾವುದೂ ಅದೇ ಹೋಸ್ಟ್‌ನೊಳಗಿನ ಮಷೀನ್‌ನಲ್ಲಿ ಮಾತ್ರ ಇರಬಾರದು. ಪಾಸ್‌ವರ್ಡ್‌ಗಳ ಭಂಡಾರ ಒಂದು ವರ್ಚುವಲ್ ಮಷೀನ್‌ನಲ್ಲಿದ್ದು, ಹೋಸ್ಟ್‌ನ ಪಾಸ್‌ವರ್ಡ್ ಆ ಭಂಡಾರದಲ್ಲಿದ್ದರೆ ಬೀಗದ ಕೈಯನ್ನು ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿದಂತೆಯೇ ಸರಿ. ಎರಡೇ ಯಂತ್ರಗಳನ್ನು ಒಂದಾಗಿ ಕೆಲಸ ಮಾಡುವಂತೆ ಜೋಡಿಸಿ ಪ್ರಾಕ್ಸ್‌ಮಾಕ್ಸ್ ಕ್ಲಸ್ಟರ್ ಕಟ್ಟಿಕೊಂಡವರು ಇನ್ನೊಂದನ್ನೂ ತಿಳಿದಿರಬೇಕು. ಎರಡರಲ್ಲಿ ಒಂದು ಸತ್ತರೆ ಉಳಿದದ್ದಕ್ಕೆ ಬಹುಮತವಿರುವುದಿಲ್ಲ, ಮತ್ತು ಬಹುಮತವಿಲ್ಲದ ಯಂತ್ರ ಹೊಸದಾಗಿ ಯಾವ ಮಷೀನನ್ನೂ ಆರಂಭಿಸಲು ಒಪ್ಪುವುದಿಲ್ಲ. ಮೂರನೆಯ ಮತಕ್ಕೆ ಕ್ಯೂಡಿವೈಸ್ ಎಂಬ ಸಣ್ಣ ಸೇವೆಯನ್ನು ರಾಸ್ಪ್‌ಬೆರಿ ಪೈನಂಥ ಪುಟ್ಟ ಯಂತ್ರದ ಮೇಲೂ ಓಡಿಸಬಹುದು.

ಮುಂಗಾರಿಗೆ ಮುಂಚಿನ ಸಿಡಿಲಿನ ಬಗ್ಗೆ ಒಂದು ಮಾತು. ಒಂದು ಕಟ್ಟಡದಿಂದ ಇನ್ನೊಂದಕ್ಕೆ ತಾಮ್ರದ ಲ್ಯಾನ್ ಕೇಬಲ್ ಎಳೆದಿದ್ದರೆ ದಯವಿಟ್ಟು ಅದನ್ನು ಫೈಬರ್‌ಗೆ ಬದಲಿಸಿ. ಹೊರಗಿನ ತಾಮ್ರದ ಮೂಲಕ ಬಂದ ಒಂದು ಹೊಡೆತ ಸ್ವಿಚ್ ಅನ್ನೂ ಸರ್ವರ್‌ನ ನೆಟ್‌ವರ್ಕ್ ಕಾರ್ಡನ್ನೂ ಒಟ್ಟಿಗೆ ಒಯ್ಯಬಲ್ಲದು; ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ.

ಗಡಿಯಾರ ಸಣ್ಣ ವಿಷಯವೆಂದು ಕಾಣುತ್ತದೆ. ಆದರೆ ಡೊಮೇನ್ ಲಾಗಿನ್ ನಡೆಸುವ ಕೆರ್ಬೆರೋಸ್ ವ್ಯವಸ್ಥೆ ಸಾಮಾನ್ಯವಾಗಿ ಐದು ನಿಮಿಷಕ್ಕಿಂತ ಹೆಚ್ಚಿನ ವ್ಯತ್ಯಾಸವನ್ನು ಸಹಿಸುವುದಿಲ್ಲ, ಮತ್ತು ನಿಲ್ಲಿಸಿ ಎಬ್ಬಿಸಿದ ವರ್ಚುವಲ್ ಮಷೀನ್‌ಗಳ ಗಡಿಯಾರ ಹಿಂದೆ ಬೀಳುವುದು ಸಹಜ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸಿಇಆರ್‌ಟಿ-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಸೇವಾದಾತರು, ಡೇಟಾ ಸೆಂಟರ್‌ಗಳು, ಕಂಪನಿಗಳು ಮತ್ತು ಸರ್ಕಾರಿ ಸಂಸ್ಥೆಗಳು ಎನ್‌ಐಸಿ (ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ) ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯ ಸರ್ವರ್‌ಗಳಿಗೆ ಹೊಂದಿಕೊಳ್ಳಬೇಕು, ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು, ಸೈಬರ್ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು. ನಿರ್ದೇಶನವೂ ಅದರ ಜೊತೆಗಿನ ಪ್ರಶ್ನೋತ್ತರವೂ ಸಿಇಆರ್‌ಟಿ-ಇನ್ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಆಡಳಿತ ಮಂಡಳಿಯ ಮುಂದಿಡಲು ಒಂದು ಮುದ್ರಿತ ಪ್ರತಿ ಇಟ್ಟುಕೊಳ್ಳಿ.

ಭದ್ರತೆಯ ಸೂಚನೆಗಳಿಗೆ ಚಂದಾದಾರರಾಗಿ ಎಂದು ಎಲ್ಲರೂ ಹೇಳುತ್ತಾರೆ. ಏಕೆ ಎನ್ನುವುದಕ್ಕೆ 2023ರ ಫೆಬ್ರುವರಿಯ ಇಎಸ್‌ಎಕ್ಸ್‌ಐ-ಆರ್ಗ್ಸ್ ದಾಳಿ ಸಾಕ್ಷಿ. ಜಗತ್ತಿನ ಸಾವಿರಾರು ಇಎಸ್‌ಎಕ್ಸ್‌ಐ ಹೋಸ್ಟ್‌ಗಳನ್ನು ಅದು ಬೀಗ ಹಾಕಿ ಹಣ ಕೇಳಿತು. ಅದು ಬಳಸಿಕೊಂಡಿತೆಂದು ಗುರುತಿಸಲಾದ ದೋಷಕ್ಕೆ ಪರಿಹಾರ ಬಿಡುಗಡೆಯಾಗಿದ್ದು 2021ರ ಫೆಬ್ರುವರಿಯಲ್ಲಿ, ಅಂದರೆ ಎರಡು ವರ್ಷ ಮೊದಲು. ಆ ಹೋಸ್ಟ್‌ಗಳ ನಿರ್ವಹಣಾ ಪರದೆ ನೇರವಾಗಿ ಅಂತರ್ಜಾಲಕ್ಕೆ ತೆರೆದುಕೊಂಡಿದ್ದದ್ದೂ ಒಂದು ಕಾರಣ. ಇದೇ ಘಟನೆ ಜಾಲದ ಸಂಪನ್ಮೂಲಗಳ ಬೆಲೆಯನ್ನೂ ತೋರಿಸಿತು. ಮೊದಲ ಅಲೆಯಲ್ಲಿ ಬಹಳ ಕಡೆ ಡಿಸ್ಕಿನ ವಿವರಣೆಯ ಸಣ್ಣ ಫೈಲು ಮಾತ್ರ ಕೆಟ್ಟು, ನಿಜವಾದ ಡೇಟಾ ಇರುವ ದೊಡ್ಡ ಫೈಲು ಬಹುಪಾಲು ಹಾಗೇ ಉಳಿದಿತ್ತು. ಅದರಿಂದ ವಿವರಣೆಯನ್ನು ಮತ್ತೆ ಕಟ್ಟುವ ಸ್ಕ್ರಿಪ್ಟನ್ನು ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಸಿಐಎಸ್‌ಎ ಎಲ್ಲರಿಗೂ ಉಚಿತವಾಗಿ ಕೊಟ್ಟಿತು. ಕೆಲವೇ ದಿನಗಳಲ್ಲಿ ದಾಳಿಕೋರರು ವಿಧಾನ ಬದಲಿಸಿದರು. ನಿರ್ವಹಣಾ ಪರದೆಯನ್ನು ಬೇರೆ ವಿಎಲ್ಯಾನ್‌ನಲ್ಲಿ (ಪ್ರತ್ಯೇಕಿಸಿದ ಜಾಲದಲ್ಲಿ) ಇಡುವುದು, ಹೊರಗಿನಿಂದ ವಿಪಿಎನ್ ಮೂಲಕ ಮಾತ್ರ ಬರುವುದು, ಬ್ಯಾಕಪ್ ಸರ್ವರ್‌ಗೆ ಡೊಮೇನ್‌ಗೆ ಸೇರದ ಪ್ರತ್ಯೇಕ ಪಾಸ್‌ವರ್ಡ್ ಇಡುವುದು, ಈ ಮೂರಕ್ಕೂ ಹಣ ಖರ್ಚಾಗುವುದಿಲ್ಲ.

ಇನ್ನು ಲೈನ್ ಇಲ್ಲದ ದಿನದ ಸಿದ್ಧತೆ. ನಮ್ಮ ಮನೆಗಳಲ್ಲಿ ಮಳೆ ಹಿಡಿಯುವ ಮೊದಲು ಸೌದೆ ಕೊಟ್ಟಿಗೆ ತುಂಬಿಸುವ ಹಾಗೆ ಸರ್ವರ್ ಕೋಣೆಗೂ ಒಂದು ದಾಸ್ತಾನು ಬೇಕು. ಒಂದು ಹಳೆಯ ಲ್ಯಾಪ್‌ಟಾಪ್‌ನಲ್ಲಿ ಕಿವಿಕ್ಸ್ ಎಂಬ ತಂತ್ರಾಂಶ ಹಾಕಿಕೊಂಡರೆ ವಿಕಿಪೀಡಿಯ, ಆರ್ಚ್ ವಿಕಿ ಮತ್ತು ಸರ್ವರ್ ಅಡ್ಮಿನಿಸ್ಟ್ರೇಟರ್‌ಗಳ ಪ್ರಶ್ನೋತ್ತರ ಸಂಗ್ರಹಗಳು ಜಾಲವಿಲ್ಲದೆ ತೆರೆಯುತ್ತವೆ. ನಿಮ್ಮ ಹೈಪರ್‌ವೈಸರ್‌ನ ಈಗಿನ ಆವೃತ್ತಿಯ ಇನ್‌ಸ್ಟಾಲರ್, ವರ್ಟ್‌ಐಒ ಡ್ರೈವರ್‌ಗಳ ಐಎಸ್‌ಒ, ಕೆಟ್ಟ ಯಂತ್ರವನ್ನು ಪೆನ್‌ಡ್ರೈವ್‌ನಿಂದ ಎಬ್ಬಿಸುವ ಸಿಸ್ಟಂರೆಸ್ಕ್ಯೂ ಅಥವಾ ಡಿಸ್ಕ್ ನಕಲಿಸುವ ಕ್ಲೋನ್‌ಜಿಲ್ಲಾ, ನೆಟ್‌ವರ್ಕ್ ಕಾರ್ಡ್ ಮತ್ತು ರೇಡ್ ಕಾರ್ಡಿನ ಫರ್ಮ್‌ವೇರ್‌ಗಳನ್ನು ಎರಡು ಪೆನ್‌ಡ್ರೈವ್‌ಗಳಲ್ಲಿ ಇಡಿ. ಡೆಬಿಯನ್ ಲಿನಕ್ಸ್‌ನ ಪ್ಯಾಕೇಜ್‌ಗಳ (ತಂತ್ರಾಂಶದ ಕಟ್ಟುಗಳ) ಸ್ಥಳೀಯ ಪ್ರತಿಗೆ ಆಪ್ಟ್-ಕ್ಯಾಶರ್-ಎನ್‌ಜಿ ಇದೆ. ಇವುಗಳ ಜೊತೆಗೆ ಕಾಗದದ ಮೇಲೆ ಬರೆದ ಒಂದು ಕಡತ ಇರಲೇಬೇಕು. ಯಾವ ಮಷೀನ್‌ಗೆ ಯಾವ ಐಪಿ, ಯಾವ ಡಿಸ್ಕ್ ಎಲ್ಲಿ, ಏಳಿಸುವ ಕ್ರಮ, ಬ್ಯಾಕಪ್‌ನ ಎನ್‌ಕ್ರಿಪ್ಶನ್ ಕೀ ಎಲ್ಲಿ ಭದ್ರವಾಗಿದೆ, ಲೈನ್ ಕೊಟ್ಟವರ ಮತ್ತು ಯುಪಿಎಸ್ ನೋಡುವವರ ಫೋನ್ ನಂಬರ್. ಈ ಕಡತವನ್ನು, ನಿಮ್ಮ ವ್ಯವಸ್ಥೆಯನ್ನು ಎಂದೂ ನೋಡಿರದ ಇನ್ನೊಬ್ಬ ಅಡ್ಮಿನ್ ಓದಿ ಕೆಲಸ ಮಾಡಬಲ್ಲರೇ ಎಂದು ಪರೀಕ್ಷಿಸಿ. ಪಕ್ಕದ ಸಂಸ್ಥೆಯವರ ಕಡತವನ್ನು ನೀವು, ನಿಮ್ಮದನ್ನು ಅವರು ಒಮ್ಮೆ ಓದಿನೋಡುವ ಏರ್ಪಾಡು ಈ ಸಭೆಯಿಂದ ಹೊರಡುವ ಮೊದಲೇ ಮಾಡಿಕೊಳ್ಳಬಹುದು. ಪಾಸ್‌ವರ್ಡ್‌ಗಳ ಪುಟವನ್ನು ಮಾತ್ರ ಬೇರೆ ಮಾಡಿ, ಲಕೋಟೆಯಲ್ಲಿ ಮುಚ್ಚಿ, ಕಾರ್ಯದರ್ಶಿಯವರ ತಿಜೋರಿಯಲ್ಲಿಡಿ.

ಕೊನೆಯ ಕೆಲಸ, ಮೇ ತಿಂಗಳಲ್ಲಿ ಒಂದು ಭಾನುವಾರ ಇಟ್ಟುಕೊಂಡು ಮಾಡಬೇಕಾದದ್ದು. ಯುಪಿಎಸ್‌ನ ಗೋಡೆ ಪ್ಲಗ್ ಕಿತ್ತು, ಬ್ಯಾಟರಿ ಎಷ್ಟು ನಿಮಿಷ ತಡೆಯುತ್ತದೆ, ಎಲ್ಲ ಮಷೀನ್‌ಗಳೂ ತಾವಾಗಿ ಮುಚ್ಚಿ, ಪ್ಲಗ್ ಹಾಕಿದ ಮೇಲೆ ತಾವಾಗಿ ಏಳುತ್ತವೆಯೇ ನೋಡಿ. ಇದಕ್ಕೆ ಮೊದಲು ಬ್ಯಾಕಪ್ ತೆಗೆದಿರಲಿ. ಆಮೇಲೆ ಅತಿ ಮುಖ್ಯವಾದ ಒಂದು ಮಷೀನನ್ನು ಬ್ಯಾಕಪ್‌ನಿಂದ ಬೇರೆ ಯಂತ್ರದ ಮೇಲೆ, ನೆಟ್‌ವರ್ಕ್ ಕಳಚಿಟ್ಟು, ಪೂರ್ತಿಯಾಗಿ ಮರಳಿ ಎಬ್ಬಿಸಿ. 16 ಜಿಬಿ ಮೆಮೊರಿಯ ಹಳೆಯ ಪಿಸಿಯೂ ಸಾಕು. ಅದು ಎದ್ದು ನಿಂತರೆ ಸಾಲದು, ಅಕೌಂಟ್ಸ್ ವಿಭಾಗದವರನ್ನೇ ಕರೆದು ನಿನ್ನೆಯ ಕೊನೆಯ ರಸೀದಿ ಅದರಲ್ಲಿ ಇದೆಯೇ ಎಂದು ಕೇಳಿ. ಆರಂಭದಿಂದ ಆ ರಸೀದಿ ಕಾಣುವವರೆಗೆ ಎಷ್ಟು ಗಂಟೆ ಹಿಡಿಯಿತೆಂದು ಕಡತದಲ್ಲಿ ಬರೆಯಿರಿ. ಎರಡನೆಯ ಸರ್ವರ್‌ಗೋ ಹೊಸ ಬ್ಯಾಟರಿಗೋ ಹಣ ಕೇಳಲು ಆಡಳಿತ ಮಂಡಳಿಯ ಮುಂದೆ ನಿಂತಾಗ, ಅಷ್ಟು ಗಂಟೆ ಕೌಂಟರ್ ಮುಚ್ಚಿರಬೇಕಾಗುತ್ತದೆ ಎಂಬ ಆ ಒಂದು ಅಂಕಿಯನ್ನು ಮೊದಲು ಹೇಳಿ, ಉಳಿದ ತಾಂತ್ರಿಕ ವಿವರಗಳನ್ನು ಅವರು ಕೇಳಿದರೆ ಕೊಡಿ.